ಮುಚ್ಚಿಟ್ಟ ನೋವು

(ಓದತಕ್ಕ ಭಾಗ: ಮಾರ್ಕನ ಸುವಾರ್ತೆ 5ನೆಯ ಅಧ್ಯಾಯ, 21ರಿಂದ 34ನೆಯ ವಚನಗಳು)



ಮೇಲೆ ಸೂಚಿಸಿದ ಭಾಗವನ್ನು ನೀವು ಅನೇಕ ಸಾರಿ ಕೇಳಿರುವಿರಿ. ಸಭಾಮಂದಿರದ ಅಧಿಕಾರಿಯಾದ ಯಾಯೀರನ ಮಗಳು ಸಾಯುವ ಸ್ಥಿತಿಯಲ್ಲಿದ್ದಳು. ಕರ್ತನು ಅವನ ಮನೆಗೆ ಹೋಗುತ್ತಿರುವಾಗ ಜನರ ಗುಂಪು ಆತನನ್ನು ಸುತ್ತಲೂ ಒತ್ತುತ್ತಿತ್ತು. ಆ ಗುಂಪಿನೊಳಗೆ ಹನ್ನೆರಡು ವರುಷಗಳಿಂದ ರಕ್ತಕುಸುಮರೋಗದಲ್ಲಿ ಬಳಲಿದ ಒಬ್ಬ ಸ್ತ್ರೀಯು ಹಿಂದಿನಿಂದ ಬಂದು ಆತನ ಉಡುಪನ್ನು ಮುಟ್ಟಿ ಗುಣಹೊಂದಿದಳು. ಈ ಭಾಗವನ್ನು ಓದಿದಾಗೆಲ್ಲಾ ನಾವು ಅವಳ ನಂಬಿಕೆಯನ್ನು ಕುರಿತು ಬೋಧಿಸುವದುಂಟು. ಅದು ಸರಿಯೇ. ಆದರೆ ಸುವಾರ್ತಿಕನು ಇನ್ನು ಮೂರು ಸಂಗತಿಗಳನ್ನು ಬರೆದಿಟ್ಟಿದ್ದಾನೆ; ಅವುಗಳನ್ನು ನಾವು ದಾಟಿ ಹೋಗುತ್ತೇವೆ. ಅವಳ ರೋಗವು ನಾಲ್ವರ ಮುಂದೆ ಹೇಳಲಾಗದ ಅಂಗಕ್ಕೆ ಸಂಬಂಧಪಟ್ಟದ್ದು. ಅವಳು ಅನೇಕ ವೈದ್ಯರ ಬಳಿಗೆ ಹೋಗಿ ಕೈಯಲ್ಲಿದ್ದದ್ದನ್ನೆಲ್ಲಾ ಕಳಕೊಂಡಿದ್ದಳು. ಕಡೆಗೆ ನಡುಗುತ್ತಾ ಮುಂದೆ ಬಂದು ತನ್ನ ಸಂಗತಿಯನ್ನು ಏನೂ ಮರೆಮಾಡದೆ ತಿಳಿಸಿದಳು. ಈ ಮೂರನ್ನು ಕುರಿತು ಈ ತಿಂಗಳು ಧ್ಯಾನಿಸೋಣ.

ಇದನ್ನು ಬರೆಯುವದಕ್ಕೆ ನಮಗೆ ಒಂದು ಕಾರಣವುಂಟು. ಅದು ನಮ್ಮ ಸ್ವಂತ ತಪ್ಪಿನ ಕಥೆಯಾದ್ದರಿಂದ ಮೊದಲು ಅದನ್ನೇ ಅರಿಕೆಮಾಡುತ್ತೇವೆ.

ಕಂಪ್ಲಿಯ ಕಡೆಯ ಒಂದು ಸಣ್ಣ ಸಭೆಯಲ್ಲಿ ನಾವು ಉಪದೇಶಿಯ ಕೆಲಸ ಮಾಡುತ್ತಿದ್ದಾಗ, ಒಬ್ಬ ಸಹೋದರಿಯು ಆರಾಧನೆಯ ಹೊತ್ತಿನಲ್ಲೆಲ್ಲಾ ಹಿಂದಿನ ಗೋಡೆಗೆ ಒರಗಿ ನಿಂತೇ ಇರುತ್ತಿದ್ದಳು. ಎಲ್ಲರೂ ಚಾಪೆಯ ಮೇಲೆ ಕೂತಿದ್ದರೂ ಅವಳು ಕೂಡುತ್ತಿದ್ದಿಲ್ಲ. ಇದು ಗರ್ವವೆಂದು ಕೆಲವರು ಅಂದರು. ದೆವ್ವದ ಕಾಟವೆಂದು ಕೆಲವರು ಪಿಸುಗುಟ್ಟಿದರು. ಒಂದು ಆದಿತ್ಯವಾರ ನಾವು ಅವಳನ್ನು ಕರೆದು, "ಅಕ್ಕಾ, ಸಭೆಯೆಲ್ಲಾ ಕೂತಿರುವಾಗ ನೀವೊಬ್ಬರೇ ನಿಲ್ಲುವದು ಚಂದವಲ್ಲ" ಎಂದು ಗದರಿಸಿದೆವು. ಅವಳು ಸೆರಗನ್ನು ಬಾಯಿಗೆ ಹಿಡಿದು ಸುಮ್ಮನೆ ಹೋದಳು. ಮುಂದಿನ ವಾರದಿಂದ ಆರಾಧನೆಗೆ ಬರಲೇ ಇಲ್ಲ.

ಎರಡು ತಿಂಗಳಾದ ಮೇಲೆ ನಮ್ಮ ಮನೆಯವರು ಅವಳನ್ನು ಕಾಣಲು ಹೋದರು. ಆಗ ಅವಳು ಕದವನ್ನು ಮುಂದಕ್ಕೆ ದೂಡಿ, ಅಳುತ್ತಾ ಹೇಳಿದಳು: "ಅಮ್ಮಾ, ಕೂತರೆ ಬೆಂಕಿ ಮ್ಯಾಲೆ ಕೂತಂಗ ಆಗತೈತಿ. ಅಯ್ಯನವರಿಗೆ ಹೆಂಗ ಹೇಳಲಿ? ಜಾಗ ಅಂಥಾದ್ದು." ಮೂರನೆಯ ಹೆರಿಗೆಯು ಬಹಳ ಕಷ್ಟವಾಗಿ ಆದಂದಿನಿಂದ ಆರು ವರುಷ ಅವಳಿಗೆ ಈ ನೋವು ಇತ್ತು. ಆರು ವರುಷವೂ ಅವಳು ನಿಂತು ಉಂಡಳು, ನಿಂತು ರೊಟ್ಟಿ ಬಡಿದಳು. ಗದ್ದೆಯಲ್ಲಿ ನೆಟ್ಟಿಯ ಕೆಲಸಕ್ಕೆ ಬೊಗ್ಗುವದು ಅವಳಿಗೆ ಕಷ್ಟವಾಗಿರಲಿಲ್ಲ. ಬದುವಿನ ಮೇಲೆ ಕೂತು ಬುತ್ತಿ ಉಣ್ಣುವದೇ ಕಷ್ಟವಾಗಿತ್ತು. ಇದನ್ನು ಕೇಳಿದ ದಿವಸ ನಮಗೆ ನಿದ್ರೆ ಬರಲಿಲ್ಲ. ಅವಳು ಗರ್ವದಿಂದ ನಿಂತವಳಲ್ಲ. ಅಷ್ಟು ನೋವಿದ್ದರೂ ದೇವರ ಮಂದಿರಕ್ಕೆ ಬರುವದನ್ನು ಬಿಡದವಳು. ಅವಳನ್ನು ಮಂದಿರದಿಂದ ಹೊರಗೆ ಹಾಕಿದವರು ನಾವೇ.

ಈಗ ಮೂಲಪಾಠಕ್ಕೆ ಬರೋಣ.

1. ವೈದ್ಯರ ಬಳಿಗೆ ಹೋಗುವದು ಅವಿಶ್ವಾಸವಲ್ಲ

ಆ ಸ್ತ್ರೀಯು ಅನೇಕ ವೈದ್ಯರಿಂದ ಕಷ್ಟಪಟ್ಟು, ಗುಣಹೊಂದದೆ ಇನ್ನೂ ಹೆಚ್ಚು ಬಳಲಿದಳೆಂದು ಮಾರ್ಕನು ತಿಳಿಸುತ್ತಾನೆ. ಆದರೆ ಕರ್ತನು ಅವಳನ್ನು, ನೀನು ವೈದ್ಯರ ಬಳಿಗೆ ಯಾಕೆ ಹೋದಿ ಎಂದು ಗದರಿಸಲಿಲ್ಲ. ಮಗಳೇ ಎಂದು ಕರೆದನು. ಅರಸನಾದ ಹಿಜ್ಕೀಯನ ಹುಣ್ಣಿಗೆ ಅಂಜೂರದ ಹಣ್ಣುಗಳ ಉಂಡೆಯನ್ನು ಇಡಿಸಿದವನು ಪ್ರವಾದಿಯಾದ ಯೆಶಾಯನೇ. ಪೌಲನ ಪ್ರಿಯ ಜೊತೆಗಾರನಾದ ಲೂಕನು ವೈದ್ಯನು. ಹೀಗಿರಲಾಗಿ, ಔಷಧವನ್ನು ಹುಡುಕುವವರು ನಂಬಿಕೆಯಿಲ್ಲದವರೆಂದು ನಮ್ಮಲ್ಲಿ ಯಾರೂ ಹೇಳಬಾರದು.

ನಮ್ಮ ಸಹೋದರಿಯೂ ಅನೇಕರ ಬಳಿಗೆ ಹೋಗಿದ್ದಳು. ಒಬ್ಬ ವೈದ್ಯನು ಮೂತ್ರದ ಸೋಂಕೆಂದು ಮಾತ್ರೆ ಕೊಟ್ಟನು. ಮೂತ್ರದ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಇನ್ನೊಬ್ಬನು ಮೂಲವ್ಯಾಧಿ ಎಂದನು. ಮತ್ತೊಬ್ಬನು ಗರ್ಭಕೋಶವನ್ನು ತೆಗೆಸಿಬಿಡಿರಿ ಎಂದನು. ನಾಲ್ಕನೆಯವನು ಸ್ಕ್ಯಾನಿನ ಚಿತ್ರವನ್ನು ನೋಡಿ, ನಿನಗೆ ಏನೂ ಇಲ್ಲ, ಎಲ್ಲಾ ಮನಸ್ಸಿನದು ಎಂದನು. ಅತ್ತೆಯು ತಾಯಿತ ಕಟ್ಟಿಸಿದಳು. ಎಮ್ಮೆಗಳೆರಡು ಮಾರಿಹೋದವು. ಇಷ್ಟಾದ ಮೇಲೆ ನಮ್ಮ ಗದರಿಕೆಯೂ ಸೇರಿತು.

ಪ್ರಿಯರೇ, ಏನೂ ಇಲ್ಲ ಎಂಬ ಮಾತು ನೋವುಳ್ಳವರಿಗೆ ಎರಡನೆಯ ನೋವು. ನೋವನ್ನು ಕುರಿತು ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ಅರ್ಥನಿರೂಪಣೆಯನ್ನು ಪರಿಷ್ಕರಿಸಿದಾಗ, ಒಬ್ಬನು ತನಗೆ ನೋವುಂಟೆಂದು ಹೇಳಿದರೆ ಆ ಮಾತಿಗೆ ಗೌರವ ಕೊಡಬೇಕೆಂದು ಅದರೊಡನೆ ಸೇರಿಸಿತು. ಲೋಕದ ಪಂಡಿತರು ಕಲಿತ ಈ ಪಾಠವನ್ನು ಕ್ರಿಸ್ತನ ಸಭೆಯು ಅವರಿಗಿಂತ ಮೊದಲೇ ಕಲಿತಿರಬೇಕಾಗಿತ್ತು.

2. ನಾಚಿಕೆಯ ಅಂಗವೆಂಬದು ದೇವರ ಮಾತಲ್ಲ

ಈ ರೋಗವು ಯಾವದು? ಸೊಂಟದ ಕೆಳಗೆ, ಬೆನ್ನೆಲುಬಿನ ತುದಿಯ ತ್ರಿಕಾಸ್ಥಿಯೆಂಬ ಎಲುಬಿನಿಂದ ಹೊರಡುವ ಒಂದು ನರವುಂಟು. ಅದು ಎಡಬಲಗಳಲ್ಲಿ ಒಂದೊಂದಾಗಿ ಪೃಷ್ಠದ ಒಳಭಾಗದಿಂದ ಸುತ್ತಿ, ಎರಡು ಗಟ್ಟಿ ಕಟ್ಟುನಾರುಗಳ ನಡುವೆ ನುಸುಳಿ, ಒಂದು ಇಕ್ಕಟ್ಟಾದ ಕಾಲುವೆಯಂಥ ದಾರಿಯಲ್ಲಿ ಹಾದು, ಮಲದ್ವಾರ, ಜನನಾಂಗ, ಅವುಗಳ ನಡುವಣ ಭಾಗ ಇವುಗಳಿಗೆ ಸ್ಪರ್ಶಜ್ಞಾನವನ್ನು ಕೊಡುತ್ತದೆ. ಮಲಮೂತ್ರಗಳನ್ನು ತಡೆದು ಹಿಡಿಯುವ ಸ್ನಾಯುಗಳನ್ನು ನಡಿಸುವದೂ ಇದೇ. ಆ ಕಾಲುವೆಯನ್ನು ಐರ್ಲೆಂಡಿನ ಬೆಂಜಮಿನ್ ಆಲ್ಕಾಕ್ ಎಂಬ ಶರೀರಶಾಸ್ತ್ರಜ್ಞನು 1836ರಲ್ಲಿ ವರ್ಣಿಸಿದ್ದರಿಂದ ಅದಕ್ಕೆ ಅವನ ಹೆಸರೇ ಇದೆ. ನರವು ಎಲ್ಲಿಯಾದರೂ ಒತ್ತಲ್ಪಟ್ಟರೆ, ಎಳೆಯಲ್ಪಟ್ಟರೆ, ಕೆರಳಿದರೆ, ಅದು ಹರಿಯುವ ಭಾಗದಲ್ಲೆಲ್ಲಾ ಉರಿ, ಚುಚ್ಚು, ವಿದ್ಯುತ್ತು ಹೊಡೆದಂಥ ಸೆಳೆತ ಹುಟ್ಟುತ್ತವೆ.

ಹಂಪೆಯಲ್ಲಿ ವಿಜಯನಗರದ ಅರಸರ ಕಾಲದಿಂದ ಹರಿಯುವ ತುರ್ತು ಕಾಲುವೆಯನ್ನು ನೀವು ಕಂಡಿದ್ದೀರಿ. ಮೇಲಿನ ಕಡೆ ಎಲ್ಲಿಯೋ ಕಾಲುವೆ ಹಿಸುಕಿದರೆ ಕೆಳಗಿನ ಬಾಳೆಯ ತೋಟ ಒಣಗುತ್ತದೆ. ತೋಟದವನು ಬಾಳೆಯ ಬುಡವನ್ನು ಎಷ್ಟು ಅಗೆದು ನೋಡಿದರೂ ಅಲ್ಲಿ ತಪ್ಪು ಸಿಕ್ಕುವದಿಲ್ಲ. ನಮ್ಮ ಸಹೋದರಿಯ ಮೂತ್ರವನ್ನೂ ಗರ್ಭಕೋಶವನ್ನೂ ಪರೀಕ್ಷಿಸಿದವರಿಗೆ ಏನೂ ಕಾಣದೆ ಹೋದದ್ದು ಹೀಗೆಯೇ. ನೋವು ತೋರುವ ಸ್ಥಳ ಒಂದು, ಕಾರಣವಿರುವ ಸ್ಥಳ ಮತ್ತೊಂದು. ಅದೂ ಅಲ್ಲದೆ ನರದ ನೋವು ಸ್ಕ್ಯಾನಿನ ಚಿತ್ರದಲ್ಲಿ ಅನೇಕ ವೇಳೆ ಕಾಣುವದೇ ಇಲ್ಲ. ಚಿತ್ರದಲ್ಲಿ ಕಾಣಲಿಲ್ಲವಾದ್ದರಿಂದ ನೋವೇ ಇಲ್ಲವೆಂದು ತೀರ್ಮಾನಿಸಬಾರದು.

ಇದು ಯಾರಿಗೆ ಬರುತ್ತದೆ? ಕಷ್ಟದ ಹೆರಿಗೆಯಾದ ಸ್ತ್ರೀಯರಿಗೆ ಬರಬಹುದು. ಆ ಭಾಗದಲ್ಲಿ ಶಸ್ತ್ರಚಿಕಿತ್ಸೆಯಾದವರಿಗೂ, ಬಿದ್ದು ಪೆಟ್ಟಾದವರಿಗೂ, ಬಹುಕಾಲ ಮಲಬದ್ಧತೆಯಿಂದ ಮುಕ್ಕಿದವರಿಗೂ, ಸೈಕಲ್ಲಿನ ಮೇಲೆ ಬಹಳ ದೂರ ಹೋಗುವವರಿಗೂ, ದಿನವೆಲ್ಲಾ ಕೂತು ದುಡಿಯುವವರಿಗೂ ಬರಬಹುದು. ನಮ್ಮ ಸೀಮೆಯಲ್ಲಿ ಕೂತು ದುಡಿಯುವವರು ಕಡಿಮೆಯೇ? ಸಂಡೂರಿನ ಗಣಿಗಳಿಂದ ಅದಿರನ್ನು ಹೊರುವ ಲಾರಿಗಳ ಚಾಲಕರು ತಗ್ಗುದಿಣ್ಣೆಯ ದಾರಿಯಲ್ಲಿ ತಾಸುಗಟ್ಟಲೆ ಕೂತಿರುತ್ತಾರೆ. ಹೊಸಪೇಟೆಯಿಂದ ಹಂಪೆಗೆ ಯಾತ್ರಿಕರನ್ನು ಒಯ್ಯುವ ಆಟೋದವರೂ ಹಾಗೆಯೇ. ಸಂಡೂರಿನ ಲಂಬಾಣಿ ಸಹೋದರಿಯರ ಕಸೂತಿಯು ಲೋಕಪ್ರಸಿದ್ಧವಾದದ್ದು. 2023ರಲ್ಲಿ ಹಂಪೆಯಲ್ಲಿ ನಡೆದ ಜಿ-20 ಸಭೆಯ ಕಾಲದಲ್ಲಿ ಅವರ ಕೈಕೆಲಸದ ಪ್ರದರ್ಶನವು ಗಿನ್ನೆಸ್ ದಾಖಲೆಯನ್ನು ಪಡೆಯಿತು. ಆ ಚಂದದ ಹೊಲಿಗೆಯೂ ನೆಲದ ಮೇಲೆ ಕೂತು ಮಾಡುವ ಕೆಲಸವೇ. ಇವರೆಲ್ಲರಿಗೂ ಈ ರೋಗವಿದೆಯೆಂದು ನಾವು ಹೇಳುವದಿಲ್ಲ. ಇದು ಎಲ್ಲರಿಗೂ ಬರುವ ರೋಗವಲ್ಲ. ಆದರೆ ಬಂದವರು ಬಾಯಿಬಿಡದೆ ನರಳುತ್ತಾರೆಂಬದನ್ನು ನಾವು ಬಲ್ಲೆವು. ಗಂಡಸರು ಹೆಂಗಸರಿಗಿಂತಲೂ ಹೆಚ್ಚಾಗಿ ಮುಚ್ಚಿಡುತ್ತಾರೆ.

ಈ ನರಕ್ಕೆ ವೈದ್ಯರು ಇಟ್ಟ ಹೆಸರು ಪ್ಯುಡೆಂಡಲ್ ನರ. ಆ ಹೆಸರು ಲತೀನ್ ಭಾಷೆಯಲ್ಲಿ ನಾಚಿಕೆಪಡು ಎಂಬ ಅರ್ಥವುಳ್ಳ ಧಾತುವಿನಿಂದ ಹುಟ್ಟಿದ್ದು. ಅಂದರೆ ನಾಚತಕ್ಕ ಭಾಗದ ನರ. ಹೆಸರಿಟ್ಟವರು ಮನುಷ್ಯರು. ಆದರೆ ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹನ್ನೆರಡನೆಯ ಅಧ್ಯಾಯದಲ್ಲಿ ಏನು ಬೋಧಿಸುತ್ತಾನೆ? ದೇಹದಲ್ಲಿ ನಾವು ಮಾನಕಡಿಮೆಯುಳ್ಳವೆಂದು ಎಣಿಸುವ ಅಂಗಗಳಿಗೆ ದೇವರು ಹೆಚ್ಚಿನ ಮಾನವನ್ನು ಕೊಟ್ಟು ದೇಹವನ್ನು ಜೋಡಿಸಿದ್ದಾನೆಂದು ಬೋಧಿಸುತ್ತಾನೆ. ಬಟ್ಟೆಯಿಂದ ಮುಚ್ಚುವದು ಮರ್ಯಾದೆ. ಅದನ್ನು ಬಿಡಬೇಕೆಂದು ನಾವು ಹೇಳುವದಿಲ್ಲ. ಆದರೆ ರೋಗವನ್ನು ವೈದ್ಯರಿಂದಲೂ ಮುಚ್ಚಿಡುವದು ಮರ್ಯಾದೆಯಲ್ಲ, ಅದು ದೇಹಕ್ಕೆ ಮಾಡುವ ಅನ್ಯಾಯ. ಆ ಸ್ತ್ರೀಯ ರೋಗದ ಹೆಸರನ್ನು ಸತ್ಯವೇದವೇ ಮರೆಮಾಡಲಿಲ್ಲ. ಆದಿತ್ಯವಾರ ಗಂಡಸರು ಹೆಂಗಸರು ಮಕ್ಕಳು ಕೂಡಿರುವಾಗ ಅದನ್ನು ಗಟ್ಟಿಯಾಗಿ ಓದುತ್ತೇವಲ್ಲವೇ?

ನಾಚಿಕೆಯು ಪ್ರಾಣವನ್ನೇ ತೆಗೆಯಬಲ್ಲದು. 1890ರ ದಶಕದಲ್ಲಿ ತಮಿಳುಸೀಮೆಯ ತಿಂಡಿವನದಲ್ಲಿ ಮಿಷನರಿ ವೈದ್ಯರ ಮಗಳಾದ ಐಡಾ ಸ್ಕಡರ್ ಎಂಬ ಯುವತಿಯ ಬಾಗಿಲಿಗೆ ಒಂದೇ ರಾತ್ರಿ ಮೂರು ಮನೆಗಳವರು ಬಂದರು. ಮೂವರ ಹೆಂಡತಿಯರೂ ಹೆರಿಗೆಯ ಸಂಕಟದಲ್ಲಿದ್ದರು. ಅವಳ ತಂದೆಯು ಬರಲು ಸಿದ್ಧನಾಗಿದ್ದರೂ ಪುರುಷವೈದ್ಯನು ಬೇಡವೆಂದು ಅವರು ತಿರುಗಿ ಹೋದರು. ಬೆಳಗಾಗುವಷ್ಟರಲ್ಲಿ ಮೂವರೂ ಸತ್ತಿದ್ದರು. ಆ ಯುವತಿಯು ಅಮೇರಿಕಕ್ಕೆ ಹೋಗಿ ವೈದ್ಯವಿದ್ಯೆ ಕಲಿತು, 1900ರಲ್ಲಿ ವೇಲೂರಿನಲ್ಲಿ ಚಿಕ್ಕ ಚಿಕಿತ್ಸಾಲಯವನ್ನು ತೆರೆದಳು. 1918ರಲ್ಲಿ ಸ್ತ್ರೀಯರಿಗೆ ವೈದ್ಯಶಾಲೆಯನ್ನು ಸ್ಥಾಪಿಸಿದಳು. ನಮ್ಮ ಕಡೆಯವರೂ ಹೋಗಿಬರುವ ವೇಲೂರಿನ ದೊಡ್ಡ ಆಸ್ಪತ್ರೆಯು ಅದರಿಂದಲೇ ಬೆಳೆದದ್ದು. ಈಗ ಸ್ತ್ರೀವೈದ್ಯರು ನಮ್ಮ ತಾಲೂಕುಗಳಲ್ಲಿಯೂ ಇದ್ದಾರೆ. ಪುರುಷವೈದ್ಯನೇ ಪರೀಕ್ಷಿಸಬೇಕಾದರೆ, ಮತ್ತೊಬ್ಬ ಸ್ತ್ರೀಯು ಅಲ್ಲಿ ಇರಬೇಕೆಂದು ಕೇಳುವದು ರೋಗಿಯ ಹಕ್ಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರದಲ್ಲಿ ಇದು ಸೇರಿದೆ. ತನ್ನ ಪರೀಕ್ಷೆಯ ಕಾಗದಗಳನ್ನು ಕೇಳಿ ಪಡೆಯುವ ಹಕ್ಕೂ ಎರಡನೆಯ ವೈದ್ಯರ ಅಭಿಪ್ರಾಯವನ್ನು ಪಡೆಯುವ ಹಕ್ಕೂ ಅದರಲ್ಲಿವೆ.

3. ಸಂಗತಿಯನ್ನು ಪೂರ್ತಿಯಾಗಿ ಹೇಳಬೇಕು

ಕರ್ತನು ನಿಂತು, ನನ್ನನ್ನು ಮುಟ್ಟಿದವರು ಯಾರೆಂದು ಕೇಳಿದನು. ಆ ಸ್ತ್ರೀಯು ಗುಂಪಿನಲ್ಲಿ ಅಡಗಿ ಹೋಗಬಹುದಾಗಿತ್ತು. ಆದರೆ ಅವಳು ಬಂದು ಅಡ್ಡಬಿದ್ದು ಎಲ್ಲವನ್ನೂ ಹೇಳಿದಳು. ಅರ್ಧ ಹೇಳಲಿಲ್ಲ.

ನಮ್ಮ ಸಹೋದರಿಯು ವೈದ್ಯರಿಗೆ ಹೇಳುತ್ತಿದ್ದದ್ದು, ಹೊಟ್ಟೆಯ ಕೆಳಗೆ ನೋವು ಎಂಬಷ್ಟೇ. ನಮ್ಮ ಹೆಂಗಸರು ಹೀಗೆಯೇ ಹೇಳುತ್ತಾರೆ. ಕೇಳುವವರೂ ಅಷ್ಟಕ್ಕೇ ಬಿಡುತ್ತಾರೆ. ಅರ್ಧಮಾತಿಗೆ ಅರ್ಧವೈದ್ಯವೇ ಸಿಕ್ಕುತ್ತದೆ. ಕಡೆಗೆ ನಮ್ಮ ಮನೆಯವರು ಅವಳ ಸಂಗಡ ಹೋಗಿ ಒಂದು ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ಪ್ರಾಯದ ವೈದ್ಯೆಯನ್ನು ಕಂಡರು. ಆಕೆಯು ಕಾಗದಗಳನ್ನು ನೋಡುವದಕ್ಕೆ ಮೊದಲು, "ಅಮ್ಮಾ, ನೀವು ಯಾಕೆ ನಿಂತಿದ್ದೀರಿ?" ಎಂದು ಕೇಳಿದಳು. ಆರು ವರುಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾವೂ ಕೇಳಿರಲಿಲ್ಲ, ಉತ್ತರ ಗೊತ್ತಿರುವವರಂತೆ ಗದರಿಸಿದ್ದೆವು. ಆ ಒಂದು ಪ್ರಶ್ನೆಗೆ ಸಹೋದರಿಯು ಎಲ್ಲವನ್ನೂ ಬಿಚ್ಚಿ ಹೇಳಿದಳು.

ಆಗ ಆ ವೈದ್ಯೆಯು ಒಂದೊಂದಾಗಿ ವಿಚಾರಿಸಿದ್ದನ್ನು ನಮ್ಮ ಓದುಗರಿಗೆ ಉಪಯೋಗವಾಗಲೆಂದು ಬರೆಯುತ್ತೇವೆ. 2008ರಲ್ಲಿ ಫ್ರಾನ್ಸ್ ದೇಶದ ನಾಂತ್ ಪಟ್ಟಣದ ಹೆಸರಿನಿಂದ ಪ್ರಕಟವಾದ ಐದು ಗುರುತುಗಳನ್ನು ವೈದ್ಯರು ಈ ರೋಗಕ್ಕೆ ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ನೋವು ಆ ನರವು ಹರಡಿರುವ ಭಾಗದಲ್ಲಿಯೇ ಇರಬೇಕು. ಕೂತರೆ ಹೆಚ್ಚಬೇಕು. ರಾತ್ರಿ ಮಲಗಿದವರನ್ನು ನಿದ್ರೆಯಿಂದ ಎಬ್ಬಿಸಬಾರದು. ಮುಟ್ಟಿ ನೋಡಿದರೆ ಚರ್ಮವು ಜೋಮುಹಿಡಿದು ಸ್ಪರ್ಶವಿಲ್ಲದೆ ಇರಬಾರದು. ನರದ ಬಳಿಯಲ್ಲಿ ಮರವಳಿಕೆಯ ಮದ್ದನ್ನು ಸೂಜಿಯಿಂದ ಹಾಕಿದರೆ ನೋವು ಸ್ವಲ್ಪ ಹೊತ್ತಾದರೂ ಇಳಿಯಬೇಕು. ಇವಲ್ಲದೆ ಇನ್ನೊಂದು ಸೂಕ್ಷ್ಮವುಂಟು: ಕುರ್ಚಿಯ ಮೇಲೆ ಕೂಡಲಾಗದವರು ನಡುವೆ ತೆರವಿರುವ ಶೌಚಾಲಯದ ಕಮೋಡಿನ ಮೇಲೆ ಕೂತರೆ ಅಷ್ಟು ನೋಯುವದಿಲ್ಲ. ಯಾಕಂದರೆ ಅಲ್ಲಿ ಆ ಭಾಗದ ಮೇಲೆ ಒತ್ತಡ ಬೀಳುವದಿಲ್ಲ.

ಆದದರಿಂದ ವೈದ್ಯರ ಬಳಿಗೆ ಹೋಗುವವರು ಇವುಗಳನ್ನು ಮನೆಯಲ್ಲಿಯೇ ನೆನಪುಮಾಡಿಕೊಂಡು, ಓದುಬರಹ ಬಲ್ಲ ಮಕ್ಕಳಿಂದ ಒಂದು ಕಾಗದದಲ್ಲಿ ಬರೆಯಿಸಿಕೊಂಡು ಹೋಗಲಿ. ನೋವು ಎಂದಿನಿಂದ, ಯಾವದರ ತರುವಾಯ ಬಂತು. ಸರಿಯಾಗಿ ಯಾವ ಸ್ಥಳ. ಒಂದು ಪಕ್ಕವೋ ಎರಡೂ ಪಕ್ಕವೋ. ಕೂತಾಗ, ನಿಂತಾಗ, ಮಲಗಿದಾಗ ಹೇಗೆ. ಮಲಮೂತ್ರ ಮಾಡುವಾಗ ಹೇಗೆ. ಗಂಡಹೆಂಡರ ಸಂಗದಲ್ಲಿ ಹೇಗೆ. ಇದುವರೆಗೆ ಯಾವ ಮದ್ದು ತಕ್ಕೊಂಡದ್ದಾಯಿತು. ಬಾಯಿಂದ ಹೇಳಲು ನಾಚಿಕೆಯಾದರೆ ಆ ಕಾಗದವನ್ನೇ ವೈದ್ಯರ ಕೈಗೆ ಕೊಡಿರಿ. ಮಕ್ಕಳಿಂದ ಬರೆಯಿಸಲಾಗದ ಮಾತನ್ನು ಆಶಾ ಕಾರ್ಯಕರ್ತೆಯಿಂದಾಗಲಿ ಉಪದೇಶಿಯ ಹೆಂಡತಿಯಿಂದಾಗಲಿ ಬರೆಯಿಸಬಹುದು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಕೊಡಬೇಕು. ಮೊದಲನೆಯದು: ಆ ಭಾಗದ ನೋವೆಲ್ಲಾ ಈ ನರದ್ದೇ ಅಲ್ಲ. ಗರ್ಭಕೋಶ, ಮೂತ್ರಕೋಶ, ಕರುಳು, ಬೆನ್ನೆಲುಬು ಇವುಗಳ ರೋಗಗಳನ್ನು ಮೊದಲು ಪರೀಕ್ಷಿಸಿ ನೋಡಬೇಕು. ರಕ್ತಸ್ರಾವ, ಜ್ವರ, ಕಾರಣವಿಲ್ಲದೆ ಮೈ ಇಳಿಯುವದು, ರಾತ್ರಿ ನಿದ್ರೆಯಿಂದ ಎಬ್ಬಿಸುವ ನೋವು ಇದ್ದರೆ ತಡಮಾಡಬೇಡಿರಿ. ಕೂಡುವ ಭಾಗವೆಲ್ಲಾ ಫಕ್ಕನೆ ಜೋಮುಹಿಡಿದು, ಮೂತ್ರ ಕಟ್ಟಿದರೆ ಅಥವಾ ಮಲಮೂತ್ರಗಳ ಹಿಡಿತ ತಪ್ಪಿದರೆ, ಕಾಲುಗಳ ಬಲ ಹೋದರೆ, ಅದೇ ದಿವಸ, ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಎರಡನೆಯದು: ನೋವು ತಾಳಲಾರದೆ ಗರ್ಭಕೋಶವನ್ನು ತೆಗೆಸಲು ಅವಸರಪಡಬೇಡಿರಿ. ಅದನ್ನು ತೆಗೆಯಲೇಬೇಕಾದ ರೋಗಗಳುಂಟು. ಆದರೆ ನರದ ನೋವು ಅದರಿಂದ ಹೋಗುವದಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ಬಡಸ್ತ್ರೀಯರ, ವಿಶೇಷವಾಗಿ ಲಂಬಾಣಿ ತಾಂಡಾಗಳ ಸ್ತ್ರೀಯರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆಯಲಾಯಿತೆಂಬ ದೂರು 2015ರಲ್ಲಿ ನಾಡಿನಲ್ಲೆಲ್ಲಾ ಕೇಳಿಬಂತು. 2023ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು, ಇಂಥ ಅನಾವಶ್ಯಕ ಶಸ್ತ್ರಚಿಕಿತ್ಸೆಗಳನ್ನು ತಡೆಯುವದಕ್ಕಾಗಿ ಕೇಂದ್ರ ಸರಕಾರವು ಮಾಡಿದ ಮಾರ್ಗಸೂಚಿಗಳನ್ನು ಎಲ್ಲಾ ರಾಜ್ಯಗಳೂ ಜಾರಿಗೆ ತರಬೇಕೆಂದು ಆಜ್ಞಾಪಿಸಿತು. ಆದದರಿಂದ ಕತ್ತಿಯ ಮಾತು ಬಂದಾಗ ಇನ್ನೊಬ್ಬ ವೈದ್ಯರನ್ನೂ ಕೇಳಿರಿ.

ಚಿಕಿತ್ಸೆಯ ವಿಷಯದಲ್ಲಿ ನಿಜವನ್ನೇ ಹೇಳುತ್ತೇವೆ. ನಮ್ಮ ಸಹೋದರಿಗೆ ಮರವಳಿಕೆಯ ಸೂಜಿ ಹಾಕಿದ ದಿವಸ ಅವಳು ಆಸ್ಪತ್ರೆಯ ಅಂಗಳದಲ್ಲಿ ಗಂಡನ ಪಕ್ಕದಲ್ಲಿ ಕೂತು ಊಟಮಾಡಿದಳು. ಆರು ವರುಷಗಳ ಮೇಲೆ ಕೂತು ಉಂಡ ಮೊದಲನೆಯ ಊಟ ಅದು. ಗಂಡನು ತುತ್ತು ನುಂಗಲಾರದೆ ಅತ್ತನು. ಸಾಯಂಕಾಲಕ್ಕೆ ನೋವು ತಿರುಗಿ ಬಂತು. ಆದರೂ ಅವಳು ಎದೆಗುಂದಲಿಲ್ಲ. ಯಾಕಂದರೆ ರೋಗಕ್ಕೆ ಹೆಸರು ಸಿಕ್ಕಿತ್ತು, ಅದು ತನ್ನ ಹುಚ್ಚಲ್ಲವೆಂದು ಎಲ್ಲರಿಗೂ ತಿಳಿದಿತ್ತು.

ತರುವಾಯ ನಡೆದ ಚಿಕಿತ್ಸೆಯು ನಿಧಾನವಾದದ್ದು. ಕೂಡುವದನ್ನು ಕಡಿಮೆಮಾಡಬೇಕು, ಕೂಡಲೇಬೇಕಾದರೆ ನಡುವೆ ತೆರವಿರುವ ಮೆತ್ತೆಯ ಮೇಲೆ ಕೂಡಬೇಕು. ಮಲಬದ್ಧತೆಯಾಗದಂತೆ ನೀರು, ಸೊಪ್ಪು, ಕಾಳು ತಕ್ಕೊಳ್ಳಬೇಕು, ಮುಕ್ಕಬಾರದು. ಸೊಂಟದ ತಳದ ಸ್ನಾಯುಗಳು ನೋವಿಗೆ ಹೆದರಿ ಬಿಗಿದುಕೊಂಡಿರುತ್ತವೆ. ಅವುಗಳನ್ನು ಸಡಿಲಿಸುವ ವ್ಯಾಯಾಮವನ್ನು ಫಿಸಿಯೋಥೆರಪಿ ಬಲ್ಲವರಿಂದ ಕಲಿಯಬೇಕು. ಹೆರಿಗೆಯ ಮೇಲೆ ಹೇಳಿಕೊಡುವ ಬಿಗಿಹಿಡಿಯುವ ವ್ಯಾಯಾಮವನ್ನು ಇಂಥವರು ತಾವಾಗಿ ಮಾಡಿದರೆ ನೋವು ಹೆಚ್ಚಬಹುದು. ನರದ ನೋವಿಗೆ ಸಾಮಾನ್ಯ ನೋವಿನ ಮಾತ್ರೆ ಬಹಳ ಕೆಲಸ ಮಾಡುವದಿಲ್ಲ. ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್ ಎಂಬ ಔಷಧಗಳನ್ನು ವೈದ್ಯರು ಸ್ವಲ್ಪದಿಂದ ಆರಂಭಿಸಿ ಮೆಲ್ಲಗೆ ಏರಿಸುತ್ತಾರೆ. ಅವುಗಳಿಂದ ತೂಕಡಿಕೆ ಬರಬಹುದು. ಗುಣ ತೋರಲು ವಾರಗಳು ಹಿಡಿಯಬಹುದು. ತಾವಾಗಿ ಒಮ್ಮೆಲೇ ಬಿಡಬಾರದು. ಅಮಿಟ್ರಿಪ್ಟಿಲಿನ್ ಮನೋವ್ಯಥೆಗೂ ಕೊಡುವ ಮದ್ದಾದ್ದರಿಂದ, ನನಗೆ ಹುಚ್ಚಿನ ಮಾತ್ರೆ ಕೊಟ್ಟರೆಂದು ಬಿಸಾಡಿದವರುಂಟು. ಅದೇ ಮದ್ದು ನರದ ನೋವನ್ನೂ ತಗ್ಗಿಸುತ್ತದೆಂದು ತಿಳಿದುಕೊಳ್ಳಿರಿ. ಸೂಜಿಮದ್ದನ್ನು ಕೆಲವರಿಗೆ ಮತ್ತೆ ಹಾಕುತ್ತಾರೆ. ಇವು ಯಾವದರಿಂದಲೂ ಆಗದ ಕೆಲವರಿಗೆ ಮಾತ್ರ ನರವನ್ನು ಒತ್ತಡದಿಂದ ಬಿಡಿಸುವ ಶಸ್ತ್ರಚಿಕಿತ್ಸೆಯುಂಟು. ಅದನ್ನು ಬಲ್ಲವರು ಕೆಲವರೇ, ಅದರಿಂದ ಎಲ್ಲರಿಗೂ ಗುಣವಾಗುವದೂ ಇಲ್ಲ.

ಎಲ್ಲಿಗೆ ಹೋಗಬೇಕೆಂದು ಕೇಳುವಿರಿ. ಮೊದಲು ನಿಮ್ಮ ತಾಲೂಕಿನ ಸರಕಾರೀ ಆಸ್ಪತ್ರೆಗೆ ಹೋಗಿರಿ. 2021ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದ ಮೇಲೆ ಹಂಪೆಯ ಕಡೆಯವರಿಗೆ ಹೊಸಪೇಟೆಯೇ ಜಿಲ್ಲೆಯ ಊರು. ಸಂಡೂರು ಕಂಪ್ಲಿಗಳವರಿಗೆ ಬಳ್ಳಾರಿ. ಬಳ್ಳಾರಿಯಲ್ಲಿ 1961ರಲ್ಲಿ ಸ್ಥಾಪಿತವಾದ ಸರಕಾರೀ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯುಂಟು. ಅಲ್ಲಿಯ ಸ್ತ್ರೀರೋಗದವರು, ಮೂತ್ರರೋಗದವರು ಪರೀಕ್ಷಿಸಿ ಏನೂ ಇಲ್ಲವೆಂದರೆ ಮನೆಗೆ ತಿರುಗಿ ಬರಬೇಡಿರಿ. "ಇದು ನರದ ನೋವು ಆಗಿರಬಹುದೇ? ನೋವಿನ ಚಿಕಿತ್ಸೆ ಬಲ್ಲವರ ಬಳಿಗೆ ಚೀಟಿ ಕೊಡಿರಿ" ಎಂದು ವಿನಯವಾಗಿ ಕೇಳಿರಿ. ನೋವಿನ ಚಿಕಿತ್ಸೆಯನ್ನು ಅನೇಕ ದೊಡ್ಡ ಆಸ್ಪತ್ರೆಗಳಲ್ಲಿ ಅರಿವಳಿಕೆಯ ವೈದ್ಯರೇ ನಡಿಸುತ್ತಾರೆಂಬದು ನಮ್ಮವರಿಗೆ ತಿಳಿಯದು. ಬಡ ಕುಟುಂಬಗಳಿಗೆ 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಸಹಾಯವುಂಟು. ಅದಕ್ಕೆ ಸರಕಾರೀ ಆಸ್ಪತ್ರೆಯ ಶಿಫಾರಸ್ಸಿನ ಕಾಗದ ಬೇಕಾಗುವದರಿಂದ, ಎಮ್ಮೆಯನ್ನು ಮಾರುವದಕ್ಕೆ ಮೊದಲು ಆ ಕಾಗದವನ್ನು ವಿಚಾರಿಸಿರಿ. ಬೆಂಗಳೂರಿಗೆ ಹೋಗಬೇಕಾದರೆ ಬಸ್ಸಿನಲ್ಲಿ ಕೂತು ಹೋಗುವದು ಇಂಥ ರೋಗಿಗೆ ದಂಡನೆ. ಹೊಸಪೇಟೆಯಿಂದ ರಾತ್ರಿಯ ರೈಲಿನಲ್ಲಿ ಮಲಗುವ ಬರ್ತನ್ನು ಮುಂಚಿತವಾಗಿ ಕಾದಿರಿಸಿ ಮಲಗಿಕೊಂಡು ಹೋಗಬಹುದು.

4. ಸಭೆಯು ನಿಲ್ಲಬೇಕು

ಕಡೆಯದಾಗಿ ಕರ್ತನನ್ನು ನೋಡೋಣ. ಯಾಯೀರನ ಮಗಳು ಸಾಯುತ್ತಿದ್ದಳು. ಆದರೂ ಆತನು ಈ ಸ್ತ್ರೀಗಾಗಿ ದಾರಿಯಲ್ಲಿ ನಿಂತನು. ಹನ್ನೆರಡು ವರುಷ ಕಾದ ರೋಗವು ಇನ್ನೊಂದು ದಿವಸ ಕಾದೀತೆಂದು ಆತನು ಹೇಳಲಿಲ್ಲ. ಪ್ರಾಣಕ್ಕೆ ಅಪಾಯವಿಲ್ಲದ ನೋವನ್ನು ನಾವು ಲಘುವಾಗಿ ಎಣಿಸುತ್ತೇವೆ. ಹಾವು ಕಚ್ಚಿದವನ ಮನೆಗೆ ಊರೆಲ್ಲಾ ಓಡುತ್ತದೆ. ಆರು ವರುಷ ಕೂಡಲಾರದವಳ ಮನೆಗೆ ಯಾರೂ ಹೋಗುವದಿಲ್ಲ. ಯೋಬನ ಸ್ನೇಹಿತರು ಏಳು ದಿವಸ ಅವನ ಪಕ್ಕದಲ್ಲಿ ಸುಮ್ಮನೆ ಕೂತಿದ್ದಾಗ ಒಳ್ಳೆಯವರಾಗಿದ್ದರು. ಬಾಯಿತೆರೆದು ಅವನ ಪಾಪವನ್ನು ಹುಡುಕತೊಡಗಿದಾಗ ತಪ್ಪಿದರು.

ಆದದರಿಂದ ಸಭೆಗಳಲ್ಲಿ ಕೆಲವು ಕೆಲಸಗಳು ಆಗಲಿ. ಆರಾಧನೆಯಲ್ಲಿ ನಿಂತಿರುವವರನ್ನು ನಿಲ್ಲಲು ಬಿಡಿರಿ. ಮಲಗಬೇಕಾದವರಿಗೆ ಹಿಂದೆ ಒಂದು ಚಾಪೆ ಹಾಸಿರಿ. ಕಾರಣವನ್ನು ಎಲ್ಲರ ಮುಂದೆ ಕೇಳಬೇಡಿರಿ. ಆಸ್ಪತ್ರೆಗೆ ಹೋಗುವವರ ಸಂಗಡ ಒಬ್ಬರನ್ನು ಕಳುಹಿಸಿರಿ. ಗಂಡಂದಿರೇ, ಹೆಂಡತಿಯು ಸಂಗಕ್ಕೆ ಒಲ್ಲೆನೆಂದರೆ ಕೋಪಿಸದೆ ಅವಳಿಗೆ ನೋವುಂಟೋ ಎಂದು ಕೇಳಿರಿ. ಅತ್ತೆಯರೇ, ಸೊಸೆಯು ನಿಂತು ಉಂಡರೆ ಹಂಗಿಸಬೇಡಿರಿ. ಉಪದೇಶಿಗಳೇ, ಪ್ರಾರ್ಥನೆ ಮಾಡಿರಿ. ಆದರೆ ಪ್ರಾರ್ಥನೆಯಿಂದ ಗುಣವಾಗದವರನ್ನು ಅಪರಾಧಿಗಳೆಂದು ಎಣಿಸಬೇಡಿರಿ. ಪೌಲನು ತನ್ನ ಶರೀರದಲ್ಲಿ ನಾಟಿದ್ದ ಶೂಲವನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿಕೊಂಡನು. ಅದು ಹೋಗಲಿಲ್ಲ, ಅದನ್ನು ಹೊರುವದಕ್ಕೆ ಕೃಪೆಯು ದೊರಕಿತು. ಹೀಗಿರಲಾಗಿ ನೋವು ಹೋಗದವರ ನಂಬಿಕೆಯನ್ನು ನಾವು ಹೇಗೆ ಅಳೆಯುವೆವು?

ನಮ್ಮ ಸಹೋದರಿಯ ನೋವು ಈಗ ಅರ್ಧಕ್ಕಿಂತ ಹೆಚ್ಚು ಇಳಿದಿದೆ, ಪೂರ್ತಿಯಾಗಿ ಹೋಗಿಲ್ಲ. ಅವಳು ಆರಾಧನೆಗೆ ಬರುತ್ತಾಳೆ. ಕೀರ್ತನೆ ಹಾಡುವಾಗ ಕೂತಿರುತ್ತಾಳೆ, ಪ್ರಸಂಗದ ಹೊತ್ತಿಗೆ ಎದ್ದು ಗೋಡೆಗೆ ಒರಗುತ್ತಾಳೆ. ನಾವು ಸಭೆಯ ಮುಂದೆ ಅವಳ ಕ್ಷಮೆಯನ್ನು ಕೇಳಿದೆವು. ಅವಳು, "ಬಿಡ್ರಿ ಅಯ್ಯನವರೇ, ಪ್ರ್ಯಾರ್ಥನಿ ಮಾಡ್ರಿ" ಎಂದಳು. ಈಗ ನಮ್ಮ ಪ್ರಸಂಗಗಳು ಮೊದಲಿಗಿಂತ ಚಿಕ್ಕದಾಗಿವೆ.

ಈ ಮಾತುಗಳನ್ನು ಓದುವವರಲ್ಲಿ ಇಂಥ ನೋವನ್ನು ಮುಚ್ಚಿಟ್ಟವರು ಇದ್ದರೆ, ಈ ವಾರವೇ ಒಬ್ಬರಿಗೆ ಹೇಳಿರಿ. ತಾಯಿಗಾಗಲಿ, ಅಕ್ಕನಿಗಾಗಲಿ, ಸ್ನೇಹಿತನಿಗಾಗಲಿ ಮೊದಲು ಹೇಳಿ, ತರುವಾಯ ವೈದ್ಯರಿಗೆ ಎಲ್ಲವನ್ನೂ ಹೇಳಿರಿ. ದೇವರಿಗೆ ಅದು ಈಗಾಗಲೇ ಗೊತ್ತುಂಟು. ಆತನು ಅದಕ್ಕಾಗಿ ನಿಮ್ಮನ್ನು ಹೀನವಾಗಿ ಎಣಿಸಲಿಲ್ಲ.

ಪ್ರಾರ್ಥಿಸೋಣ: ದಯಾಳುವಾದ ತಂದೆಯೇ, ನಮ್ಮ ದೇಹದ ಒಂದೊಂದು ಅಂಗವನ್ನೂ ನೀನೇ ಉಂಟುಮಾಡಿದ್ದೀ. ಮರೆಯಲ್ಲಿ ನರಳುವವರಿಗೆ ಮಾತನಾಡುವ ಧೈರ್ಯವನ್ನೂ, ಕೇಳುವವರಿಗೆ ನಂಬುವ ಮನಸ್ಸನ್ನೂ, ವೈದ್ಯರಿಗೆ ತಾಳ್ಮೆಯನ್ನೂ ವಿವೇಕವನ್ನೂ ಕೊಡು. ತಿಳಿಯದೆ ಗದರಿಸಿದ ನಮ್ಮನ್ನು ಕ್ಷಮಿಸು. ಗುಣವಾಗುವವರನ್ನೂ ಗುಣವಾಗದವರನ್ನೂ ನಿನ್ನ ಸನ್ನಿಧಾನದಲ್ಲಿ ಒಂದೇ ಪ್ರೀತಿಯಿಂದ ಇಟ್ಟುಕೋ. ನಮ್ಮ ಕರ್ತನಾದ ಯೇಸು ಕ್ರಿಸ್ತನ ಮೂಲಕವಾಗಿ ಬೇಡುತ್ತೇವೆ. ಆಮೆನ್.